‘ಬೇರೆ’ ಎಂಬ ಮಾತಿನ ಅರ್ಥಗಳು



ನಮ್ಮ ಕನ್ನಡದಲ್ಲಿ ‘ಬೇರೆ’ ಎಂಬುದು ಬಹು ಸಣ್ಣ ಮಾತು. ಗದಗ ಸೀಮೆಯಲ್ಲಿ ಅದನ್ನು ‘ಬ್ಯಾರೆ’ ಎನ್ನುತ್ತೇವೆ. ಅಣ್ಣತಮ್ಮಂದಿರು ಹೊಲ ಮನೆಗಳನ್ನು ಹಂಚಿಕೊಂಡರೆ ‘ಬ್ಯಾರೆ ಆದರು’; ಮಗ ಸೊಸೆ ಅದೇ ಮನೆಯ ಹಿತ್ತಲ ಕೋಣೆಯಲ್ಲಿ ಇನ್ನೊಂದು ಒಲೆ ಹೂಡಿದರೂ ‘ಬ್ಯಾರೆ ಆದರು’; ಗಂಡಹೆಂಡಿರು ಒಬ್ಬರನ್ನೊಬ್ಬರು ತೊರೆದು ನಡೆದರೂ ‘ಬ್ಯಾರೆ ಆದರು’. ಭಿನ್ನವಾದ ಪ್ರಸಂಗಗಳಿಗೆಲ್ಲ ಭಾಷೆ ಒಂದೇ ಹೆಸರನ್ನು ಕೊಟ್ಟಿದೆ. ಭಾಷಾಭ್ಯಾಸಿಗೆ ಇದು ಸ್ವಾರಸ್ಯದ ಸಂಗತಿ. ಸಂಸಾರಸ್ಥರಿಗೆ ಮಾತ್ರ ಅಪಾಯದ ಸಂಗತಿ. ಒಂದು ರಾತ್ರಿ ಹೆಂಡತಿ ಗಂಡನಿಗೋ ಗಂಡ ಹೆಂಡತಿಗೋ ‘ಇನ್ನು ನಾವು ಬೇರೆ ಆಗೋಣ’ ಎಂದಾಗ, ಹೇಳಿದವರ ಮನಸ್ಸಿನಲ್ಲಿದ್ದ ಅರ್ಥ ಒಂದು, ಕೇಳಿದವರು ಗ್ರಹಿಸಿದ ಅರ್ಥ ಇನ್ನೊಂದು ಆಗಬಹುದು. ಅತ್ತೆ ಮಾವಂದಿರ ಸಂಗಡ, ನಾದಿನಿ ಮೈದುನರ ಸಂಗಡ, ಅಥವಾ ಹೆಂಡತಿಯ ತವರಿನವರ ಸಂಗಡ ಮನಸ್ತಾಪ ಬೆಳೆದಿರುವ ಮನೆಗಳಲ್ಲಿ ಇಂಥ ಮಾತು ಹೊರಟಾಗ ಅದನ್ನು ಕೇಳಿದವರು ಹೇಗೆ ನಡೆದುಕೊಳ್ಳಬೇಕು ಎಂಬುದು ಇಂದಿನ ನನ್ನ ವಿಷಯ.

ಗದಗ ತಾಲೂಕಿನ ಹೊಂಬಳದಂಥ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿರಿ. ಸುತ್ತ ಎರೆಭೂಮಿ, ಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ. ಹೊಲ ತಂದೆಯ ಹೆಸರಿನಲ್ಲಿದೆ. ಮಗನಿಗೆ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೌಕರಿ. ಸೊಸೆ ಊರಲ್ಲಿ ಅತ್ತೆಯ ಬಳಿ. ಮಗನ ಪಗಾರ ತಂದೆಯ ಕೈಗೆ ಹೋಗುತ್ತದೆ. ಮಗುವಿನ ಔಷಧಕ್ಕೂ ಸೊಸೆ ಮಾವನನ್ನು ಕೇಳಬೇಕು. ಪಂಚಮಿಗೆ ಕರೆಯಬಂದ ಅಣ್ಣನನ್ನು ‘ಈ ವರ್ಷ ಕೆಲಸ ಬಹಳ ಅದ’ ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ಇನ್ನೊಂದು ವರ್ಷ ತವರಿಗೆ ಹೋದವಳು ಹಬ್ಬ ಮುಗಿದರೂ ಮರಳಿ ಬರುವುದಿಲ್ಲ. ಗಂಡನ ಮೊಬೈಲಿಗೆ ಒಂದು ಸಾಲಿನ ಸಂದೇಶ ಬರುತ್ತದೆ, ‘ನಾವು ಬ್ಯಾರೆ ಆಗೂಣು.’ ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನೂರಾರು ಮನೆಗಳ ಕಥೆಯನ್ನು ಒಂದುಗೂಡಿಸಿ ಹೇಳಿದ್ದೇನೆ. ಅತ್ತೆಯ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆಕೆಯೂ ಒಂದು ಕಾಲಕ್ಕೆ ಇದೇ ಪಡಸಾಲೆಗೆ ಹದಿಹರೆಯದಲ್ಲಿ ಬಂದವಳು, ತನ್ನ ಅತ್ತೆಯ ಕೈಯಲ್ಲಿ ನೊಂದವಳು. ಈಗ ಮೊಣಕಾಲು ನೋವು. ಮಗ ದೂರವಾದರೆ ಮುಪ್ಪಿನಲ್ಲಿ ಗತಿಯೇನೆಂಬ ಭಯ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆದರೆ ಒಬ್ಬರ ಕಾಲ ಮುಗಿಯದೆ ಇನ್ನೊಬ್ಬರ ಕಾಲ ಬರುವಂತಿಲ್ಲ ಎಂಬ ಕಠೋರವಾದ ವ್ಯವಸ್ಥೆಯೂ ಆ ಗಾದೆಯಲ್ಲಿ ಅಡಗಿದೆ. ಇಂದಿನ ಸೊಸೆ ತನ್ನ ಕಾಲಕ್ಕಾಗಿ ಇಪ್ಪತ್ತು ವರ್ಷ ಕಾಯಲು ಒಪ್ಪುವುದಿಲ್ಲ. ಅದನ್ನು ಅಪರಾಧವೆನ್ನಲಾಗದು.

ನಮ್ಮ ಜನಪದರು ಈ ‘ಬೇರೆ’ ಎಂಬ ಮಾತಿನ ಮರ್ಮವನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. ‘ಕೆರೆಗೆ ಹಾರ’ ಎಂಬ ಕಥನಗೀತೆ ನಿಮಗೆಲ್ಲ ಪರಿಚಿತವಾದದ್ದು. ಕೆರೆಗೆ ನೀರು ಬರಲೊಲ್ಲದು. ಸೊಸೆಯನ್ನು ಆಹುತಿ ಕೊಡಬೇಕೆಂದು ಹಿರಿಯರು ನಿಶ್ಚಯಿಸುತ್ತಾರೆ. ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬರುತ್ತದೆ. ಗಂಡ ದಂಡಿನಲ್ಲಿದ್ದಾನೆ. ಆಕೆ ತವರಿಗೆ ಹೋಗುತ್ತಾಳೆ. ಕಣ್ಣೀರೇಕೆಂದು ತಂದೆ ಕೇಳಿದಾಗ ನಿಜವನ್ನು ಹೇಳುವುದಿಲ್ಲ. ಅತ್ತೆ ಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎಂದಷ್ಟೇ ಹೇಳುತ್ತಾಳೆ. ತಂದೆ ಆ ಮಾತನ್ನೇ ಹಿಡಿದು ಹೊಲ ಮನೆ ಕೊಡುತ್ತೇನೆಂದು ಸಮಾಧಾನ ಹೇಳುತ್ತಾನೆ. ತಾಯಿ ಒಡವೆಯ ಮಾತಾಡುತ್ತಾಳೆ. ಇಬ್ಬರಿಗೂ ಮಗಳ ಮೇಲೆ ಪ್ರೀತಿಗೆ ಕೊರತೆಯಿಲ್ಲ. ಆದರೆ ಅವರು ಉತ್ತರ ಕೊಟ್ಟದ್ದು ಆಕೆಯ ಬಾಯಿಂದ ಬಂದ ಶಬ್ದಕ್ಕೆ. ಆ ಶಬ್ದದ ಹಿಂದಿದ್ದ ಭಯಕ್ಕಲ್ಲ. ‘ಬೇರೆ ಇಡುವುದು’ ಅಳುವಂಥ ಸಂಗತಿಯೇ, ಇನ್ನೇನೋ ಇರಬೇಕಲ್ಲ ಎಂದು ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಿಜವನ್ನು ಕೇಳಿದ ಗೆಳತಿಯೊಬ್ಬಳೂ ಇಟ್ಟಂತೆ ಇರಬೇಕೆಂಬ ಬುದ್ಧಿಯನ್ನೇ ಹೇಳಿದಳು. ಗಂಡ ಮರಳಿ ಬಂದು ಆ ಗೆಳತಿಯಿಂದ ನಿಜವನ್ನರಿಯುವ ಹೊತ್ತಿಗೆ ಕೆರೆ ತುಂಬಿತ್ತು. ಈ ಹಾಡನ್ನು ತ್ಯಾಗದ ಕಥೆಯೆಂದು ಪಾಠ ಹೇಳುವುದು ರೂಢಿ. ಕೇಳಬೇಕಾದವರು ಕೇಳದೆ ಹೋದ ಕಥೆಯೆಂದೂ ಅದನ್ನು ಓದಬಹುದು.

ಆದ್ದರಿಂದ ನನ್ನ ಮೊದಲ ಮಾತು ಇದು. ಸಂಗಾತಿ ‘ಬೇರೆ ಆಗೋಣ’ ಎಂದಾಗ ಆ ಮಾತಿಗೆ ಒಡನೆ ಉತ್ತರ ಕೊಡಬೇಡಿ; ಅದು ಯಾವ ‘ಬೇರೆ’ ಎಂದು ಕೇಳಿರಿ. ದಂಪತಿಗಳ ನಡುವೆ ಆ ಮಾತಿಗೆ ಮೂರು ಅರ್ಥಗಳಿರುವುದನ್ನು ನಾನು ಕಾಣುತ್ತೇನೆ. ಒಂದು, ಒಲೆ ಬೇರೆಯಾಗಲಿ: ‘ನೀನು ಬೇಕು, ಈ ಮನೆಯ ಆಳ್ವಿಕೆ ಬೇಡ.’ ಎರಡು, ಕೆಲಕಾಲ ಬೇರೆ ಇರೋಣ: ‘ನನಗೆ ಉಸಿರಾಡಲು ಸ್ಥಳ ಬೇಕು, ಆಮೇಲೆ ಏನೆಂಬುದು ನನಗೇ ತಿಳಿಯದು.’ ಮೂರು, ಬಾಳೇ ಬೇರೆಯಾಗಲಿ: ‘ಈ ಸಂಬಂಧ ನನ್ನ ಪಾಲಿಗೆ ಮುಗಿದಿದೆ.’ ಮೊದಲನೆಯದನ್ನು ಕೇಳಿದವರಿಗೆ ಮೂರನೆಯದರ ಉತ್ತರ ಕೊಟ್ಟರೆ ಉಳಿಯಬಹುದಾಗಿದ್ದ ಸಂಸಾರ ಮುರಿಯುತ್ತದೆ. ಮೂರನೆಯದನ್ನು ಹೇಳಿದವರಿಗೆ ಮೊದಲನೆಯದರ ಉತ್ತರ ಕೊಟ್ಟು, ಬಾಡಿಗೆ ಮನೆ ಮಾಡುತ್ತೇನೆ, ಒಡವೆ ಕೊಡಿಸುತ್ತೇನೆ ಎಂದರೆ, ಭಾಗೀರಥಿಯ ತಂದೆತಾಯಿಗಳಂತೆ ಅವರನ್ನು ಇನ್ನಷ್ಟು ಒಂಟಿಯಾಗಿಸಿದಂತೆ.

ಕೇಳುವುದಕ್ಕೂ ಒಂದು ರೀತಿಯಿದೆ. ಮಾತು ಬಂದ ರಾತ್ರಿಯೇ ವಾದಕ್ಕೆ ನಿಲ್ಲಬಾರದು. ‘ನಿನ್ನ ಮಾತು ನನ್ನ ಕಿವಿಗೆ ಬಿದ್ದಿದೆ, ಎರಡು ದಿನ ಬಿಟ್ಟು ಕುಳಿತು ಮಾತಾಡೋಣ’ ಎಂದರೆ ಸಾಕು. ಆ ಎರಡು ದಿನಗಳಲ್ಲಿ ಕಾಲು ಹಿಡಿಯುವುದೂ ಬೇಡ, ಬೆದರಿಸುವುದೂ ಬೇಡ, ನೂರು ಸಲ ಫೋನು ಮಾಡುವುದೂ ಬೇಡ. ಕುಳಿತಾಗ ಇಬ್ಬರೇ ಇರಬೇಕು. ನಮ್ಮ ಕಡೆ ಇಂಥ ಸುದ್ದಿ ಹೊರಬಿದ್ದ ಮರುದಿನವೇ ಎರಡೂ ಕಡೆಯ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ಅವರ ಸದ್ಭಾವವನ್ನು ನಾನು ಸಂಶಯಿಸುವುದಿಲ್ಲ. ಹಲವು ಸಂಸಾರಗಳು ಅಂಥವರ ಮಾತಿನಿಂದ ನೆಟ್ಟಗಾದದ್ದೂ ಉಂಟು. ಆದರೆ ಹತ್ತು ಜನರೆದುರು ಹೆಂಡತಿ ಆಡಲಾರದ ಮಾತುಗಳಿವೆ, ಗಂಡನೂ ಆಡಲಾರದ ಮಾತುಗಳಿವೆ. ಅಲ್ಲಿ ಮಾನದ ಪ್ರಶ್ನೆ ಏಳುತ್ತದೆ. ಮಾನದ ಪ್ರಶ್ನೆ ಎದ್ದೊಡನೆ ಸತ್ಯ ಹಿಂದೆ ಸರಿಯುತ್ತದೆ. ‘ತಿಳಿಹೇಳಿ ಕಳಿಸಿದೆವು’ ಎನ್ನುವ ಹಿರಿಯರು ಅನೇಕ ವೇಳೆ ಹೇಳಿರುತ್ತಾರೆ, ತಿಳಿದಿರುವುದಿಲ್ಲ. ಹಿರಿಯರ ಸರದಿ ಬರಲಿ, ದಂಪತಿಗಳ ಮಾತುಕತೆ ಮುಗಿದ ಮೇಲೆ ಬರಲಿ.

ಕೇಳಬೇಕಾದ ಪ್ರಶ್ನೆಗಳೂ ಸರಳವಾದವು. ‘ನಾವಿಬ್ಬರೇ ಬೇರೆ ಮನೆಯಲ್ಲಿದ್ದಿದ್ದರೆ ಈ ಮಾತನ್ನು ಹೇಳುತ್ತಿದ್ದೆಯಾ?’ ‘ಯಾವುದು ಬದಲಾದರೆ ನೀನು ಇರಬಲ್ಲೆ?’ ‘ಏನೂ ಬದಲಾದರೂ ಇರಲಾರೆಯಾ?’ ಇವಕ್ಕೆ ಬರುವ ಉತ್ತರವನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ‘ನಮ್ಮವ್ವ ಹಂಗ ಅಲ್ಲ’ ಎಂಬ ಮಾತು ಗಂಡಸಿನ ನಾಲಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲಿಯೇ ತಡೆಯಬೇಕು. ತಾಯಿಯಾಗಿ ಆಕೆ ಹೇಗಿದ್ದಾಳೆಂಬುದನ್ನು ಮಗ ಬಲ್ಲ. ಅತ್ತೆಯಾಗಿ ಹೇಗಿದ್ದಾಳೆಂಬುದನ್ನು ಸೊಸೆ ಮಾತ್ರ ಬಲ್ಲಳು. ಒಬ್ಬ ವ್ಯಕ್ತಿಯ ಎರಡು ಮುಖಗಳನ್ನು ಕಂಡ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ತಾಯಿಗೂ ಹೆಂಡತಿಗೂ ನಡುವೆ ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ ಎಂದು ಹೆಮ್ಮೆಯಿಂದ ಹೇಳುವ ಗಂಡಂದಿರಿದ್ದಾರೆ. ಮನೆಯಲ್ಲಿ ಅಧಿಕಾರ ಒಬ್ಬರ ಕೈಯಲ್ಲಿರುವಾಗ ಸುಮ್ಮನಿರುವವನು ಆ ಅಧಿಕಾರದ ಪಕ್ಷದಲ್ಲಿಯೇ ಇದ್ದಾನೆ. ಇದೇ ನ್ಯಾಯ, ತವರಿನ ಮಾತಿನಂತೆಯೇ ಸಂಸಾರ ನಡೆಸಬೇಕೆನ್ನುವ ಹೆಂಡತಿಗೂ ಸಲ್ಲುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಮಾತುಕತೆಯ ವಿಧಾನ ಸಲ್ಲದು. ಹೊಡೆತ ಬಡಿತ, ವರದಕ್ಷಿಣೆಯ ಕಾಟ, ಪ್ರಾಣಭಯ ಇದ್ದಲ್ಲಿ ಮೊದಲು ಸುರಕ್ಷಿತವಾದ ಸ್ಥಳಕ್ಕೆ ಹೋಗಬೇಕು, ಅರ್ಥವಿಚಾರ ಆಮೇಲೆ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರಿಂದ ಜಾರಿಯಲ್ಲಿದೆ. ಮನೆ ಮಾವನ ಹೆಸರಿನಲ್ಲಿದೆ, ನಿನಗೆ ಹಕ್ಕಿಲ್ಲ, ನಡೆ ಎಂದು ಸೊಸೆಯನ್ನು ಹೊರಹಾಕುವವರಿಗೆ ಒಂದು ಮಾತು: ಗಂಡನ ಸಂಬಂಧಿಕರ ಒಡೆತನದ ಮನೆಯೂ ಆಕೆ ಸಂಸಾರ ಮಾಡಿದ ‘ಕೂಡುವಾಸದ ಮನೆ’ ಆಗಬಲ್ಲದೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರದಲ್ಲಿ ತೀರ್ಪು ಕೊಟ್ಟಿದೆ.

ಇನ್ನು ಕಾಯಿದೆಯ ಕಡೆಗೆ ಸ್ವಲ್ಪ ನೋಡೋಣ. ಏಕೆಂದರೆ ನಮ್ಮ ಆಡುಮಾತು ಬೆರೆಸಿದ ಅರ್ಥಗಳನ್ನು ಕಾಯಿದೆ ಬೇರ್ಪಡಿಸಿ ಇಟ್ಟಿದೆ. ಹಳೆಯ ಕಾಲದಲ್ಲಿ ವಿವಾಹ ಬಿಡುಗಡೆಯೆಂಬುದೇ ಇರಲಿಲ್ಲ, ಇದೆಲ್ಲ ಈಚಿನ ಗಾಳಿ ಎಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ನಮ್ಮ ಅನೇಕ ಸಮುದಾಯಗಳಲ್ಲಿ ಹಿರಿಯರ ಸಮಕ್ಷಮದಲ್ಲಿ ಬಿಡುಗಡೆ ಪಡೆದು ‘ಉಡಿಕೆ’ ಮಾಡಿಕೊಳ್ಳುವ ರೂಢಿಯಿತ್ತು. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ 1947ರ ಮುಂಬಯಿಯ ಹಿಂದೂ ವಿವಾಹ ವಿಚ್ಛೇದನ ಕಾಯಿದೆ ಇಲ್ಲಿಯ ಜನರಿಗೂ ಅನ್ವಯಿಸಿತು. ದೇಶದ ಹಿಂದೂಗಳಿಗೆಲ್ಲ ಹಿಂದೂ ವಿವಾಹ ಕಾಯಿದೆ ಬಂದದ್ದು ಎಂಟು ವರ್ಷಗಳ ತರುವಾಯ, 1955ರಲ್ಲಿ. ಆ ಕಾಯಿದೆಯೂ ರೂಢಿಯ ಬಿಡುಗಡೆಯನ್ನು ಅಳಿಸದೆ ಉಳಿಸಿತು. ಅನ್ಯ ಧರ್ಮೀಯರಿಗೂ, ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯಾದವರಿಗೂ ಅವರವರ ಕಾಯಿದೆಗಳಿವೆ.

ಒಲೆ ಬೇರೆಯಾಗುವುದಕ್ಕೆ ಯಾವ ಕೋರ್ಟೂ ಬೇಕಾಗಿಲ್ಲ. ಮನೆಯವರ ಒಪ್ಪಿಗೆ, ಒಂದು ಬಾಡಿಗೆ ಮನೆ, ತಿಂಗಳಿಗಿಷ್ಟು ಹಣ ತಂದೆತಾಯಿಗಳಿಗೆ ಎಂಬ ಸ್ಪಷ್ಟವಾದ ಕರಾರು ಸಾಕು. ಒಲೆ ಬೇರೆಯಾದರೆ ಹೆತ್ತವರ ಋಣ ಹರಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಮುಪ್ಪಿನ ತಂದೆತಾಯಿಗಳ ಪೋಷಣೆ ಮಕ್ಕಳ ಹೊಣೆಯೆಂದು 2007ರ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಮಗ ಯಾವ ಮನೆಯಲ್ಲಿದ್ದರೂ ಆ ಹೊಣೆ ಅವನೊಂದಿಗೇ ಇರುತ್ತದೆ. ಕೆಲಕಾಲ ಬೇರೆ ಇರುವುದಕ್ಕೆ 1955ರ ಕಾಯಿದೆಯ 10ನೆಯ ಕಲಮಿನಲ್ಲಿ ‘ನ್ಯಾಯಿಕ ಪ್ರತ್ಯೇಕತೆ’ ಎಂಬ ದಾರಿಯಿದೆ. ಅದರಲ್ಲಿ ಮದುವೆ ಉಳಿಯುತ್ತದೆ, ಕೂಡಿ ಬಾಳುವ ಕಟ್ಟು ಮಾತ್ರ ಸಡಿಲುತ್ತದೆ. ಮನಸ್ಸು ಕೂಡಿದರೆ ಮತ್ತೆ ಒಂದಾಗಬಹುದು. ಬಾಳೇ ಬೇರೆಯಾಗುವುದಕ್ಕೆ, ಇಬ್ಬರ ಸಮ್ಮತಿಯಿದ್ದಲ್ಲಿ, 1976ರಲ್ಲಿ ಸೇರಿಸಿದ 13 ಬಿ ಕಲಮು ಇದೆ. ಒಂದು ವರ್ಷ ಬೇರೆ ವಾಸವಾಗಿದ್ದು ಅರ್ಜಿ ಕೊಡಬೇಕು. ಆ ಮೇಲೆ ಆರು ತಿಂಗಳು ಕಾದು ಮತ್ತೊಮ್ಮೆ ತಮ್ಮ ನಿಶ್ಚಯವನ್ನು ಹೇಳಬೇಕು. ಎಲ್ಲ ಪ್ರಯತ್ನ ಮುಗಿದು ಕಾಯುವುದರಿಂದ ಸಂಕಟವೇ ಹೆಚ್ಚುವಂತಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇದೇ ಕಲಮನ್ನು ಕುರಿತು 1991ರಲ್ಲಿ ಅದೇ ಕೋರ್ಟು ಕೊಟ್ಟ ಒಂದು ತೀರ್ಪು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು. ‘ಬೇರೆ ವಾಸ’ವೆಂದರೆ ಬೇರೆ ಸ್ಥಳವಲ್ಲ, ಒಂದೇ ಸೂರಿನಡಿಯಿದ್ದೂ ಗಂಡಹೆಂಡಿರಂತೆ ಬಾಳದಿದ್ದರೆ ಅದೂ ಬೇರೆ ವಾಸವೇ ಎಂದು ಅದು ಹೇಳಿತು. ಕೊನೆಯ ಆಜ್ಞೆಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ತಮ್ಮ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದೆಂದೂ ಹೇಳಿತು. ಮನೆ ದೊಡ್ಡದು, ಎಲ್ಲರೂ ಕೂಡಿಯೇ ಇದ್ದೇವೆ ಎಂದು ಸಮಾಧಾನಪಡುವ ಹಿರಿಯರು ಈ ಮಾತನ್ನು ಗಮನಿಸಬೇಕು. ಒಂದೇ ಪಡಸಾಲೆಯಲ್ಲಿ ಉಂಡು, ವರ್ಷಗಟ್ಟಲೆ ಬೇರೆಯಾಗಿಯೇ ಇರುವ ದಂಪತಿಗಳು ನಮ್ಮ ಊರುಗಳಲ್ಲಿ ಇಲ್ಲವೇ?

ಅತ್ತೆ ಮಾವಂದಿರ ವಿಷಯವೇ ಸುಪ್ರೀಂ ಕೋರ್ಟಿನವರೆಗೆ ಹೋದ ನಮ್ಮ ರಾಜ್ಯದ ಪ್ರಕರಣವೂ ಒಂದಿದೆ. 1992ರಲ್ಲಿ ಮದುವೆಯಾದ ದಂಪತಿಗಳು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ 2001ರಲ್ಲಿ ಗಂಡನಿಗೆ ವಿಚ್ಛೇದನ ಕೊಟ್ಟಿತು. 2006ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. 2016ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಸಮರ್ಥನೀಯವಾದ ಕಾರಣವಿಲ್ಲದೆ, ಗಂಡ ತನ್ನ ಆಶ್ರಯದಲ್ಲಿರುವ ತಂದೆತಾಯಿಗಳನ್ನು ಬಿಟ್ಟು ಬೇರೆಯಾಗಬೇಕೆಂದು ಹೆಂಡತಿ ಸತತವಾಗಿ ಒತ್ತಾಯಿಸುವುದು ಕ್ರೌರ್ಯವೆಂದು ಆ ತೀರ್ಪು ಹೇಳಿತು. ಆ ಪ್ರಕರಣದಲ್ಲಿ ಬೇರೆ ಗಂಭೀರ ಸಂಗತಿಗಳೂ ಇದ್ದವು. ತೀರ್ಪಿನ ಮೇಲೆ ಬಹಳ ಚರ್ಚೆಯಾಯಿತು. ಕೆಲವರು ಒಪ್ಪಿದರು, ಹೆಣ್ಣಿನ ನ್ಯಾಯವಾದ ಬೇಡಿಕೆಯನ್ನೂ ಇದು ಹತ್ತಿಕ್ಕೀತೆಂದು ಕೆಲವರು ಆಕ್ಷೇಪಿಸಿದರು. ‘ಸಮರ್ಥನೀಯವಾದ ಕಾರಣವಿಲ್ಲದೆ’ ಎಂಬ ಮಾತನ್ನು ಎರಡೂ ಪಕ್ಷದವರು ಮರೆಯಬಾರದು. ನನ್ನ ಗಮನ ಹೋಗುವುದು ಇಸವಿಗಳ ಕಡೆಗೆ. 1992ರಿಂದ 2016: ಇಪ್ಪತ್ತನಾಲ್ಕು ವರ್ಷ. ಯಾರು ಗೆದ್ದರೆಂದು ಲೆಕ್ಕ ಹಾಕುವ ಹೊತ್ತಿಗೆ ಇಬ್ಬರ ಯೌವನವೂ ಕಳೆದಿತ್ತು. ಮೊದಲ ವರ್ಷಗಳಲ್ಲಿ ಮಾತಿನಿಂದ ಬಗೆಹರಿಯದ ಒಲೆಯ ಪ್ರಶ್ನೆ ಕೋರ್ಟಿಗೆ ಹೋದರೆ ಅದು ಬಾಳಿನ ಪ್ರಶ್ನೆಯಾಗಿಯೇ ಹೊರಬರುತ್ತದೆ.

ಕೇಳಿದ ಮೇಲೆ ಉತ್ತರ ಮೂರನೆಯ ‘ಬೇರೆ’ಯೇ ಆಗಿದ್ದರೆ? ಆಗ ಬರುವ ದುಃಖಕ್ಕೆ ಸಮಾನವಾದ ದುಃಖಗಳು ಕಡಿಮೆ. ಸತ್ತವರಿಗಾಗಿ ಅತ್ತರೆ ಊರು ಸೇರಿ ಸಮಾಧಾನ ಹೇಳುತ್ತದೆ. ಬದುಕಿದ್ದು ಬೇಡವೆಂದು ಹೋದವರಿಗಾಗಿ ಅತ್ತರೆ ಊರು ಕಾರಣ ಕೇಳುತ್ತದೆ. ಇಂಥ ಹೊತ್ತಿನಲ್ಲಿ ನೆನಪಿಗೆ ಬರುವುದು ಕನಕದಾಸರು ಕನ್ನಡಕ್ಕೆ ತಂದ ನಳಚರಿತ್ರೆ. ಎಲ್ಲವನ್ನೂ ಕಳೆದುಕೊಂಡ ನಳ, ತನ್ನನ್ನು ಬಿಟ್ಟರೆ ದಮಯಂತಿ ತವರಿಗೆ ಹೋಗಿ ಸುಖವಾಗಿದ್ದಾಳೆಂದು ಎಣಿಸಿ, ಮಲಗಿದವಳನ್ನು ಕಾಡಿನಲ್ಲಿ ಬಿಟ್ಟು ಹೊರಟುಹೋದ. ಉದ್ದೇಶ ಹಿತದ್ದೇ, ಆದರೆ ಎಚ್ಚರಿಸಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಅದಕ್ಕೆ ಹೋಲಿಸಿದರೆ, ಎದುರು ಕುಳಿತು ‘ನಾನು ಇರಲಾರೆ’ ಎಂದು ಹೇಳಿದ ಸಂಗಾತಿ ಕ್ರೂರಿಯಲ್ಲ. ಕಡೆಯ ಗೌರವವನ್ನು ಸಲ್ಲಿಸಿದವರು. ಅವರನ್ನು ಬಲವಂತದಿಂದ ಹಿಡಿದಿಟ್ಟುಕೊಳ್ಳುವುದರಿಂದ ಮನೆ ಉಳಿಯುತ್ತದೆಯೇ ಹೊರತು ದಾಂಪತ್ಯ ಉಳಿಯುವುದಿಲ್ಲ. ಕಾಯಿದೆಯೂ ಒಬ್ಬರನ್ನು ಪ್ರೀತಿಸುವಂತೆ ಆಜ್ಞೆ ಮಾಡಲಾರದು.

ಆ ದಿನಗಳನ್ನು ದಾಟುವುದಕ್ಕೆ ದೊಡ್ಡ ತತ್ತ್ವಜ್ಞಾನ ಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಉಣ್ಣಬೇಕು. ಹೊಲವಿರಲಿ, ಕಚೇರಿಯಿರಲಿ, ಕೆಲಸ ಬಿಡಬಾರದು. ಊರಿಗೆಲ್ಲ ಹೇಳಿಕೊಳ್ಳದೆ, ಇತ್ತ ಕಡೆಯ ಮಾತನ್ನು ಅತ್ತ ಒಯ್ಯದ ಒಬ್ಬ ಸ್ನೇಹಿತನಿಗೆ, ಒಬ್ಬ ಅಕ್ಕನಿಗೆ ಎಲ್ಲವನ್ನೂ ಹೇಳಬೇಕು. ಆ ಸ್ನೇಹಿತನಿಗೂ ನನ್ನದೊಂದು ವಿನಂತಿ: ಭಾಗೀರಥಿಯ ಗೆಳತಿಯಂತೆ ‘ಇಟ್ಟಂತೆ ಇರು’ ಎನ್ನಬೇಡಿ, ‘ಮುರಿದು ಬಾ’ ಎಂದೂ ಅವಸರಿಸಬೇಡಿ, ಕೇಳಿರಿ. ಕುಡಿತಕ್ಕೆ ಶರಣಾಗಬಾರದು. ನಿದ್ರೆ ವಾರಗಟ್ಟಲೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರ ಬಳಿಗೆ ಹೋಗುವುದು ನಾಚಿಕೆಯಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ ಎಂಬ ಸರಕಾರಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಓದದೆ ಯಾವ ಕಾಗದಕ್ಕೂ ಸಹಿ ಮಾಡಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಆ ಸೇವೆಯ ಸಂಖ್ಯೆ 15100.

ಮಕ್ಕಳಿದ್ದರೆ ಅವರಿಗೆ ಒಂದು ಮಾತನ್ನು ಇಬ್ಬರೂ ಕೂಡಿ ಹೇಳಬೇಕು: ‘ನಾವು ಬೇರೆಯಾಗುತ್ತಿದ್ದೇವೆ, ನಿನ್ನಿಂದ ಅಲ್ಲ, ನಿನಗಾಗಿಯೂ ಅಲ್ಲ.’ ಮಗುವಿನ ಮುಂದೆ ತಾಯಿಯನ್ನು ಅಜ್ಜಿಯೂ, ತಂದೆಯನ್ನು ಸೋದರಮಾವನೂ ಹಳಿಯುವುದನ್ನು ನಿಲ್ಲಿಸಬೇಕು. ಗಂಡಹೆಂಡಿರು ಬೇರೆಯಾಗಬಹುದು, ಮಗುವಿನ ತಂದೆ ತಾಯಿ ಎಂಬ ಸಂಬಂಧದಿಂದ ಅವರಿಗೆ ಬಿಡುಗಡೆಯಿಲ್ಲ. ಅಜ್ಜ ಅಜ್ಜಿಯರ ಮುಪ್ಪಿಗೂ ಮೊಮ್ಮಕ್ಕಳ ನಗೆ ಬೇಕು.

ಕೊನೆಯದಾಗಿ ಹಿರಿಯರಿಗೆ ಎರಡು ಮಾತು. ಮಗ ಸೊಸೆ ‘ಬ್ಯಾರೆ ಆಗತೇವಿ’ ಎಂದೊಡನೆ ಮನೆ ಒಡೆಯಿತೆಂದು ತಿಳಿಯಬೇಡಿ. ಕಾಲಕ್ಕೆ ಸರಿಯಾಗಿ ಇನ್ನೊಂದು ಒಲೆ ಹೂಡಲು ಬಿಟ್ಟ ಎಷ್ಟೋ ಮನೆಗಳಲ್ಲಿ ಪಂಚಮಿಯ ಉಂಡಿ ಎರಡೂ ಒಲೆಗಳಿಂದ ಮಕ್ಕಳ ಕೈಗೆ ಬಂದಿದೆ. ಆ ಒಲೆಯನ್ನು ಹೂಡಗೊಡದ ಮನೆಗಳಲ್ಲಿಯೇ ‘ಬೇರೆ’ ಎಂಬ ಮಾತು ತನ್ನ ಮೊದಲ ಅರ್ಥವನ್ನು ಬಿಟ್ಟು ಮೂರನೆಯ ಅರ್ಥಕ್ಕೆ ಹೋಗಿ ನಿಂತಿರುವುದು. ಅದು ಇನ್ನೂ ಮೊದಲನೆಯ ಅರ್ಥದಲ್ಲಿರುವಾಗಲೇ ಕಿವಿಗೊಟ್ಟು ಕೇಳುವ ಸಹನೆ ನಮಗೆಲ್ಲ ಬರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.